ಜಗ್ಗಿ ನಿಲ್ಲುವ ಹಳೇ ಗಾಡಿ: ಪಂಪು ಬಿಚ್ಚುವ ಮೊದಲು ಟ್ಯಾಂಕಿ ಮುಚ್ಚಳ ಬಿಚ್ಚಿ

ಓಡುತ್ತಿದ್ದ ಗಾಡಿ ಜಗ್ಗಿ ಜಗ್ಗಿ ನಿಂತಿತು ಎಂದರೆ ನಮ್ಮ ಬದಿಗೆ ಕೇಳುವುದು ಎರಡೇ ಮಾತು. ಒಂದು, ‘ಪಂಪು ಹೋಯ್ತು’. ಇನ್ನೊಂದು, ‘ಹಳೇ ಗಾಡಿ, ಮಾರಿಬಿಡು’. ಎರಡೂ ಹೇಳುವವರಿಗೆ ಸಸಾರ, ಕೇಳುವವರಿಗೆ ದುಬಾರಿ. ನನ್ನ ಅಭಿಪ್ರಾಯ ಬೇರೆ. ಹೀಗೆ ನಿಲ್ಲುವ ಗಾಡಿಗಳಲ್ಲಿ ಬಹಳಷ್ಟರ ರೋಗ ಎಂಜಿನ್ನಿನ ಹೊಟ್ಟೆಯೊಳಗೆ ಇರುವುದಿಲ್ಲ. ಟ್ಯಾಂಕಿಯಿಂದ ಎಂಜಿನ್ ತನಕ ಬರುವ ದಾರಿಯಲ್ಲಿ ಇರ್ತದೆ. ಅದನ್ನು ಹುಡುಕಲು ದೊಡ್ಡ ಯಂತ್ರ ಬೇಡ. ಕಣ್ಣು, ಕಿವಿ, ಒಂದು ಕ್ಯಾನು, ಎರಡು ಮೀಟರ್ ಪೈಪು ಮತ್ತು ಸ್ವಲ್ಪ ತಾಳ್ಮೆ ಸಾಕು.

ನಾನು ಮೆಕ್ಯಾನಿಕ್ ಅಲ್ಲ. ಓದಿದ್ದು ಏಳನೇ ಇಯತ್ತೆ. ರಾಮನಗುಳಿಯಲ್ಲಿ ಮಳೆಯನ್ನೇ ನಂಬಿದ ಮಕ್ಕಿ ಗದ್ದೆ, ಸ್ವಲ್ಪ ಶೇಂಗಾ, ಗೇರಿನ ಬ್ಯಾಣ. ಹೆದ್ದಾರಿ ಪಕ್ಕದ ಊರು ಹೌದು, ಆದರೆ ಬಸ್ಸು ಹೆದ್ದಾರಿಯಲ್ಲಿ ಮಾತ್ರ. ಒಳಗಿನ ಮಜರೆಗೆ ಗೊಬ್ಬರ ಬರಬೇಕಾದರೂ, ಗೇರುಬೀಜ ಪೇಟೆಗೆ ಹೋಗಬೇಕಾದರೂ, ರಾತ್ರಿ ಬಾಣಂತಿಯನ್ನು ಅಂಕೋಲೆಗೆ ಒಯ್ಯಬೇಕಾದರೂ ಕೇರಿಯ ಒಂದು ಹಳೇ ಜೀಪೋ ಓಮ್ನಿಯೋ ಗತಿ. ಆ ಗಾಡಿ ನಡುದಾರಿಯಲ್ಲಿ ನಿಂತರೆ ನಿಲ್ಲುವುದು ಗಾಡಿ ಒಂದೇ ಅಲ್ಲ.

ಮಾರಿ ಹೊಸತು ತೆಗೆದುಕೊಳ್ಳಿ ಎನ್ನುವವರು ನಮ್ಮ ಉತ್ಪತ್ತಿ ನೋಡಿ ಹೇಳಬೇಕು. ಹಾಗಂತ ಹಳೆಯದನ್ನು ಇಟ್ಟುಕೊಳ್ಳುವುದೂ ಈಗ ಪುಕ್ಕಟೆಯಲ್ಲ. 15 ವರ್ಷ ದಾಟಿದ ಕಾರು, ಜೀಪಿನ ನೋಂದಣಿ ಮತ್ತೆ ಮಾಡಿಸುವ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5000 ಆಯ್ತು. 2025ರಲ್ಲಿ 20 ವರ್ಷ ದಾಟಿದವಕ್ಕೆ 10,000 ಮಾಡಿದರು. ಇಷ್ಟು ಕೊಟ್ಟು ಉಳಿಸಿಕೊಂಡ ಗಾಡಿಗೆ ಬೇಡದ ರಿಪೇರಿ ಮಾಡಿಸಿ ಮತ್ತೆ ದುಡ್ಡು ಕಳೆಯುವುದು ಯಾವ ಲೆಕ್ಕ?

ನಮ್ಮ ಭಾವನವರ ಡೀಸೆಲ್ ಜೀಪಿನ ಕತೆ ಹೇಳಿದರೆ ವಿಷಯ ಸ್ಪಷ್ಟ ಆಗ್ತದೆ. ಸಪಾಟು ರಸ್ತೆಯಲ್ಲಿ ಚೆನ್ನಾಗಿ ಓಡುವ ಜೀಪು ಏರು ಸಿಕ್ಕಿದ ಕೂಡಲೇ ಜಗ್ಗುತ್ತಿತ್ತು. ಕಡೆಗೆ ಉಸಿರು ಕಟ್ಟಿದ ಹಾಗೆ ಬಂದ್ ಬೀಳ್ತಿತ್ತು. ಹತ್ತು ನಿಮಿಷ ಬಿಟ್ಟು, ಕೈಪಂಪು ಹೊಡೆದರೆ ಮತ್ತೆ ಸುರು. ಒಂದು ಗ್ಯಾರೇಜಿನಲ್ಲಿ ಫಿಲ್ಟರ್ ಬದಲಿಸಿದರು. ಇನ್ನೊಂದರಲ್ಲಿ ಡೀಸೆಲ್ ಪಂಪು ಬಿಚ್ಚಿ ಒಳಗಿನ ಸಾಮಾನು ಹಾಕಿದರು. ಬಿಲ್ಲು 14,000. ಮೂರನೇ ದಿನ ಅದೇ ಏರಿನಲ್ಲಿ ಅದೇ ರೋಗ. ಕೊನೆಗೆ ಸಿಕ್ಕಿದ್ದು ಟ್ಯಾಂಕಿಯ ಹತ್ತಿರ ಕಬ್ಬಿಣದ ಪೈಪಿಗೆ ಜೋಡಿಸಿದ ಗೇಣುದ್ದದ ರಬ್ಬರ್ ಪೈಪು. ಕ್ಲಿಪ್ಪಿನ ಅಡಿಗೆ ಕೂದಲೆಳೆಯಂಥ ಬಿರುಕು. ಬದಲಿಸಲು ಬಿದ್ದ ಖರ್ಚು 60 ರೂಪಾಯಿ.

ಆ ಎರಡೂ ಗ್ಯಾರೇಜಿನವರು ಮೋಸಗಾರರು ಎಂದು ನಾನು ಹೇಳುವುದಿಲ್ಲ. ಅವರ ಅಂಗಳದಲ್ಲಿ ನಿಂತಾಗ ಜೀಪು ಚೆನ್ನಾಗಿಯೇ ಇತ್ತು. ರೋಗ ಕಾಣುವುದು ಏರಿನಲ್ಲಿ, ಗ್ಯಾರೇಜು ಇರುವುದು ಸಪಾಟಿನಲ್ಲಿ. ಕಾಣದ ರೋಗಕ್ಕೆ ಅಂದಾಜಿನ ಮದ್ದು ಕೊಟ್ಟರು. ತೊಂದರೆ ಇರುವುದು ಇಲ್ಲಿಯೇ.

ಸಾಕ್ಷಿ ಸ್ಟಿಯರಿಂಗ್ ಹಿಡಿದವನದ್ದು

ಎಮ್ಮೆ ಮೇವು ಬಿಟ್ಟರೆ ದನದ ಡಾಕ್ಟರರಿಗೆ ನಾವು ಬರೀ ‘ಎಮ್ಮೆಗೆ ಆರಾಮಿಲ್ಲ’ ಎನ್ನುವುದಿಲ್ಲ. ಯಾವಾಗಿಂದ ತಿಂದಿಲ್ಲ, ಮೆಲುಕು ಹಾಕ್ತದೋ ಇಲ್ಲವೋ, ಸಗಣಿ ಹೇಗಿದೆ, ಕಿವಿ ತಣ್ಣಗಿದೆಯೋ ಎಲ್ಲ ಹೇಳ್ತೇವೆ. ಗಾಡಿಯ ವಿಷಯದಲ್ಲಿ ಮಾತ್ರ ‘ಬಂದ್ ಬೀಳ್ತದೆ ಮಾರಾಯ, ನೋಡು’ ಎಂದು ಕೀಲಿ ಕೊಟ್ಟು ಚಾ ಕುಡಿಯಲು ಹೋಗ್ತೇವೆ. ಈಗಿನ ಹೊಸ ಗಾಡಿಗಳಿಗೆ ಕಂಪ್ಯೂಟರ್ ಜೋಡಿಸಿ ರೋಗದ ಸುಳಿವು ಓದುತ್ತಾರೆ. ಹಳೇ ಜೀಪಿಗೆ ಅದಿಲ್ಲ. ಅದರ ಕಂಪ್ಯೂಟರ್ ಎಂದರೆ ಓಡಿಸುವವನ ನೆನಪು.

ಹಾಗಾಗಿ ಮೊದಲ ಕೆಲಸ, ಗಾಡಿಯಲ್ಲಿ ಒಂದು ಸಣ್ಣ ಪಟ್ಟಿ ಪುಸ್ತಕ ಇಡಿ. ನಿಂತ ಪ್ರತಿ ಸಲವೂ ಆರು ಸಂಗತಿ ಬರೆಯಿರಿ. ಎಂಜಿನ್ ತಣ್ಣಗಿತ್ತೋ, ಬಿಸಿ ಆಗಿತ್ತೋ? ಏರೋ, ಇಳಿಜಾರೋ, ಸಪಾಟೋ? ಟ್ಯಾಂಕಿಯಲ್ಲಿ ಎಣ್ಣೆ ಎಷ್ಟಿತ್ತು? ಮಳೆ ಇತ್ತೋ? ದೀಪ ಆರಿಸಿದ ಹಾಗೆ ಫಕ್ಕನೆ ನಿಂತಿತೋ, ಜಗ್ಗಿ ಜಗ್ಗಿ ನಿಂತಿತೋ? ಮತ್ತೆ ಸುರು ಆಗಲು ಎಷ್ಟು ಹೊತ್ತು ಬೇಕಾಯ್ತು?

ಕೊನೆಯ ಎರಡು ಪ್ರಶ್ನೆ ಬಹಳ ಮುಖ್ಯ. ಫಕ್ಕನೆ ನಿಂತರೆ ಹೆಚ್ಚಾಗಿ ಕರೆಂಟಿನ ದೋಷ. ಜಗ್ಗಿ ನಿಂತರೆ ಹೆಚ್ಚಾಗಿ ಎಣ್ಣೆ ಅಥವಾ ಗಾಳಿಯ ದೋಷ. ನಾಲ್ಕು ಸಲದ ಲೆಕ್ಕ ಬರೆದು ಮೆಕ್ಯಾನಿಕನ ಕೈಗೆ ಕೊಡಿ. ಅವನ ಅರ್ಧ ಕೆಲಸ ಅಲ್ಲೇ ಮುಗೀತದೆ.

ಡೀಸೆಲ್ ಗಾಡಿ: ಹಿಂದಿನಿಂದ ಮುಂದಕ್ಕೆ ಬನ್ನಿ

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಗಾಳಿಯನ್ನು ಒತ್ತಿದಾಗ ಆಗುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ತದೆ. ಆದ್ದರಿಂದ ಅದಕ್ಕೆ ಬೇಕಾದ್ದು ಎರಡೇ: ಶುದ್ಧ ಗಾಳಿ, ಗಾಳಿ ಸೇರದ ಶುದ್ಧ ಡೀಸೆಲ್. ಹುಡುಕುವ ಕ್ರಮ ಟ್ಯಾಂಕಿಯಿಂದ ಎಂಜಿನ್ ಕಡೆಗೆ, ಅಗ್ಗದಿಂದ ದುಬಾರಿ ಕಡೆಗೆ ಇರಲಿ.

ಮೊದಲು ಟ್ಯಾಂಕಿಯ ಮುಚ್ಚಳ. ಡೀಸೆಲ್ ಖಾಲಿಯಾದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆ ಮುಚ್ಚಳದಲ್ಲೋ ಟ್ಯಾಂಕಿಯ ಮೇಲೋ ಒಂದು ಸಣ್ಣ ದಾರಿ ಇರ್ತದೆ. ಕೆಸರು ಧೂಳು ಕೂತು ಅದು ಮುಚ್ಚಿದರೆ ಟ್ಯಾಂಕಿಯೊಳಗೆ ಎಳೆತ ಹುಟ್ಟಿ ಡೀಸೆಲ್ ಬರುವುದಿಲ್ಲ. ಬಾಟಲಿಯನ್ನು ಬಾಯಿಗೆ ಗಟ್ಟಿ ಕಚ್ಚಿ ಹೀರಿದರೆ ನೀರು ನಿಲ್ತದಲ್ಲ, ಹಾಗೆ. ಗಾಡಿ ನಿಂತ ಕೂಡಲೇ ಮುಚ್ಚಳ ತೆಗೆಯಿರಿ. ಬುಸ್ಸೆಂದು ಗಾಳಿ ಒಳಗೆ ಹೋದ ಶಬ್ದ ಬಂದು ಆಮೇಲೆ ಗಾಡಿ ಸಲೀಸಾಗಿ ಓಡಿದರೆ ರೋಗ ಸಿಕ್ಕಿತು. ಖರ್ಚು ಒಂದು ಸೂಜಿ.

ಎರಡನೆಯದು ಟ್ಯಾಂಕಿಯ ತಳ. ಒಳಗೆ ಡೀಸೆಲ್ ಹೀರುವ ಪೈಪಿನ ತುದಿಗೆ ಜಾಲರಿ ಇರ್ತದೆ. ತಳದ ತುಕ್ಕು, ಕಸ ಅಲ್ಲಿಗೆ ಅಂಟಿಕೊಂಡು ಬಾಯಿ ಮುಚ್ಚುತ್ತದೆ. ಗಾಡಿ ನಿಂತ ಮೇಲೆ ಎಳೆತ ತಪ್ಪಿ ಕಸ ಕೆಳಗೆ ಬೀಳ್ತದೆ. ಐದು ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಸುರು ಆಗ್ತದೆ. ‘ಗಾಡಿಗೆ ಭೂತ ಹಿಡಿದಿದೆ’ ಎಂದು ನಮ್ಮಲ್ಲಿ ನಗೆಯಾಡುವುದು ಇಂಥದ್ದಕ್ಕೇ. ಭೂತ ಅಲ್ಲ, ಕಸ. ಟ್ಯಾಂಕಿ ಇಳಿಸಿ ತೊಳೆದರೆ ಬಿಡ್ತದೆ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು, ಹೊರಗೆ ತೊಟ್ಟಿಕ್ಕದ ಸೋರಿಕೆ. ಟ್ಯಾಂಕಿಯಿಂದ ಡೀಸೆಲ್ ಎಳೆಯುವ ಪಂಪಿನ ತನಕ ಇರುವ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಎಳೆತ ಇರ್ತದೆ. ಅಲ್ಲಿ ತೂತು ಬಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗ್ತದೆ. ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ಏರಿನಲ್ಲಿ ಎಂಜಿನ್ ಹೆಚ್ಚು ಡೀಸೆಲ್ ಕೇಳಿದಾಗ ಎಳೆತ ಹೆಚ್ಚಾಗಿ ಗಾಳಿಯೂ ಹೆಚ್ಚು ಸೇರ್ತದೆ. ಭಾವನವರ ಜೀಪಿಗೆ ಆದದ್ದು ಇದೇ.

ಈ ಮೂರನ್ನೂ ಒಂದೇ ಸಲ ಪರೀಕ್ಷಿಸುವ ಉಪಾಯ ಇದೆ. ಐದು ಲೀಟರಿನ ಸ್ವಚ್ಛ ಕ್ಯಾನಿಗೆ ಸೋಸಿದ ಡೀಸೆಲ್ ಹಾಕಿ. ಎಂಜಿನ್ನಿನ ಬಿಸಿ ಭಾಗಕ್ಕೂ ಬೆಲ್ಟಿಗೂ ತಾಗದ ಹಾಗೆ, ಪಂಪಿಗಿಂತ ಎತ್ತರದಲ್ಲಿ ಅಲುಗದಂತೆ ಕಟ್ಟಿ. ಡೀಸೆಲ್ ತಡೆಯುವ ಪಾರದರ್ಶಕ ಪೈಪಿನಿಂದ ಕ್ಯಾನಿನ ಡೀಸೆಲ್ಲನ್ನು ನೇರ ಆ ಎಳೆಯುವ ಪಂಪಿಗೆ ಕೊಡಿ. ಟ್ಯಾಂಕಿಯಿಂದ ಬರುವ ಪೈಪಿನ ಬಾಯಿ ಕಟ್ಟಿಡಿ. ಗಾಳಿ ತೆಗೆದು ಅದೇ ಏರಿನಲ್ಲಿ ನಿಧಾನಕ್ಕೆ ಓಡಿಸಿ. ಚೆನ್ನಾಗಿ ಏರಿದರೆ ದೋಷ ಹಿಂದೆ ಇದೆ: ಮುಚ್ಚಳ, ಜಾಲರಿ ಇಲ್ಲವೇ ಪೈಪು. ಆಗಲೂ ಜಗ್ಗಿದರೆ ದೋಷ ಮುಂದೆ ಇದೆ. ಅರ್ಧ ಗಂಟೆಯ ಈ ಪರೀಕ್ಷೆ ಮಾಡದೆ ಪಂಪು ಬಿಚ್ಚಲು ಬಿಡಬೇಡಿ.

ನಾಲ್ಕನೆಯದು ಫಿಲ್ಟರ್ ಮತ್ತು ನೀರು. ನಮ್ಮ ಘಟ್ಟದ ಬುಡದ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕಿಯ ಒಳಗೋಡೆಗೆ ರಾತ್ರಿ ತಂಪಿಗೆ ಹನಿ ಕಟ್ಟಿ ಡೀಸೆಲ್ಲಿಗೆ ಇಳೀತದೆ. ನೀರು ಭಾರ, ತಳದಲ್ಲಿ ನಿಲ್ತದೆ. ಫಿಲ್ಟರಿನ ಕೆಳಗೆ ತಿರುಪು ಇದ್ದರೆ ಹದಿನೈದು ದಿನಕ್ಕೊಮ್ಮೆ ಸಡಿಲಿಸಿ ಗಾಜಿನ ಬಾಟಲಿಗೆ ಬಿಡಿ. ಸ್ವಲ್ಪ ಹೊತ್ತು ಇಟ್ಟರೆ ನೀರು ಬೇರೆ, ಡೀಸೆಲ್ ಬೇರೆ ಕಾಣ್ತದೆ. ಮಳೆಗಾಲದಲ್ಲಿ ಟ್ಯಾಂಕಿ ಆದಷ್ಟು ತುಂಬಿಡುವುದು ಒಳ್ಳೆಯದು. ಗಾಡಿ ನೆರೆ ನೀರಿನಲ್ಲಿ ಮುಳುಗಿದ್ದರಂತೂ ಟ್ಯಾಂಕಿ ತೊಳೆಯದೆ, ಎಂಜಿನ್ ಎಣ್ಣೆ ಬದಲಿಸದೆ ಕೀಲಿ ತಿರುಗಿಸಲೇಬಾರದು. 2019ರ ಆಗಸ್ಟಿನ ಗಂಗಾವಳಿ ನೆರೆ ಕಂಡ ನಮಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

ಹೊಗೆಯೂ ಮಾತಾಡ್ತದೆ. ಏರಿನಲ್ಲಿ ಕಪ್ಪು ಹೊಗೆ ಬಂದು ಶಕ್ತಿ ಇಲ್ಲದಿದ್ದರೆ ಡೀಸೆಲ್ಲಿಗೆ ತಕ್ಕ ಗಾಳಿ ಇಲ್ಲ. ಮೊದಲು ಏರ್ ಫಿಲ್ಟರ್ ನೋಡಿ. ಹೊಗೆಯೇ ಇಲ್ಲದೆ ಶಕ್ತಿ ಕುಂದಿದರೆ ಡೀಸೆಲ್ಲೇ ಸಾಕಷ್ಟು ಬರ್ತಿಲ್ಲ. ಬಿಳಿ ಹೊಗೆ ಎಂದರೆ ಡೀಸೆಲ್ ಸರಿಯಾಗಿ ಉರೀತಿಲ್ಲ ಅಥವಾ ನೀರು ಸೇರಿದೆ. ನೀಲಿ ಹೊಗೆ ಎಂದರೆ ಎಂಜಿನ್ ಎಣ್ಣೆ ಉರೀತಿದೆ, ಅದು ಬೇರೆ ದೊಡ್ಡ ಕೆಲಸ.

ಇಷ್ಟೆಲ್ಲ ಸರಿಯಿದ್ದೂ ಫಕ್ಕನೆ ನಿಂತರೆ, ಪಂಪಿನ ಮೇಲೆ ಡೀಸೆಲ್ ಬಂದ್ ಮಾಡುವ ಕರೆಂಟಿನ ಕವಾಟ ಇದ್ದರೆ ಅದರ ವಯರು ನೋಡಿ. ವಯರು ಸಡಿಲಾದರೆ ಗುಂಡಿಗೆ ಹಾರಿದ ಕೂಡಲೇ ಎಂಜಿನ್ ಆರ್ತದೆ.

ಪಂಪಿನ ಸರದಿ ಕೊನೆಗೆ. ಡೀಸೆಲ್ ಪಂಪಿಗೆ ನಮ್ಮ ಹಳಬರು ‘ಮೈಕೋ ಪಂಪು’ ಎಂದೇ ಹೇಳುವುದು. 1951ರಲ್ಲಿ ಸುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ಗು, ಪಂಪು ತಯಾರಿಸಿದ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯ್ತು. ಹೆಸರು ಹೋದರೂ ಮಾತು ಉಳಿದಿದೆ. ಕೂದಲಿಗಿಂತ ಸಣ್ಣ ಸಂದಿನಲ್ಲಿ ಕೆಲಸ ಮಾಡುವ ಸಾಮಾನು ಅದು. ಅಳತೆ ಯಂತ್ರ ಇರುವ ಕಡೆ ಮಾತ್ರ ಬಿಚ್ಚಿಸಬೇಕು. ಶುದ್ಧ ಡೀಸೆಲ್ ಕೊಟ್ಟರೆ ಬಹುಕಾಲ ಬಾಳ್ತದೆ, ವಿನಾಕಾರಣ ಬಿಚ್ಚಿದರೆ ಬೇಗ ಕೆಡ್ತದೆ.

ಒಂದು ಎಚ್ಚರಿಕೆ. ಪಂಪಿನಿಂದ ಎಂಜಿನ್ನಿಗೆ ಹೋಗುವ ಗಟ್ಟಿ ಕಬ್ಬಿಣದ ಪೈಪಿಗೆ, ಎಂಜಿನ್ ಓಡುವಾಗ ಕೈ ಒಡ್ಡಬೇಡಿ. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುವಷ್ಟು ಜೋರಿರ್ತದೆ. ಗಾಯ ಸೂಜಿ ಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಂಪ್ಯೂಟರ್ ಇರುವ ಹೊಸ ಡೀಸೆಲ್ ಗಾಡಿಗಳಲ್ಲಿ ಒತ್ತಡ ಇನ್ನೂ ಎಷ್ಟೋ ಪಾಲು ಹೆಚ್ಚು. ಅವುಗಳ ಪೈಪು ಮುಟ್ಟಲೇಬೇಡಿ. ನಾನು ಬರೆದದ್ದೆಲ್ಲ ಹಳೇ ಗಾಡಿಗೆ.

ಪೆಟ್ರೋಲ್ ಗಾಡಿ: ಎಣ್ಣೆ ಇಲ್ಲವೋ, ಕಿಡಿ ಇಲ್ಲವೋ?

ಕಾರ್ಬೊರೇಟರ್ ಇರುವ ಹಳೇ ಓಮ್ನಿ, ಪೆಟ್ರೋಲ್ ಜೀಪುಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಿಂತ ಗಳಿಗೆಯಲ್ಲಿ ಕಿಡಿ ಇತ್ತೋ, ಪೆಟ್ರೋಲ್ ಇತ್ತೋ? ಇದನ್ನು ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ನೋಡಬೇಕು. ತಣ್ಣಗಾದ ಮೇಲೆ ನೋಡಿದರೆ ಎಲ್ಲವೂ ಸರಿಯೇ ಇರ್ತದೆ.

ಗಾಡಿಯಲ್ಲಿ ಒಂದು ಹಳೇ ಪ್ಲಗ್ ಇಟ್ಟುಕೊಳ್ಳಿ. ನಿಂತಾಗ ಒಂದು ಪ್ಲಗ್ಗಿನ ವಯರು ತೆಗೆದು ಅದಕ್ಕೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು, ಬೀಡಿ ಸಿಗರೇಟು ದೂರ ಇರಬೇಕು. ನೀಲಿ ಬಣ್ಣದ ಗಟ್ಟಿ ಕಿಡಿ ಬಂದರೆ ಕರೆಂಟು ಸರಿ. ಕೆಂಪಗೆ ಸೋತ ಕಿಡಿ, ಅಥವಾ ಕಿಡಿಯೇ ಇಲ್ಲ ಎಂದರೆ ಕಾಯಿಲ್, ಕಂಡೆನ್ಸರ್, ಪಾಯಿಂಟ್, ವಯರು ಇವುಗಳಲ್ಲಿ ಒಂದು. ಬಿಸಿಯಾದಾಗ ಸತ್ತು ಅರ್ಧ ಗಂಟೆಗೆ ಬದುಕುವುದು ಹಳೇ ಕಾಯಿಲ್ಲಿನ ಗುಣ.

ಕಿಡಿ ಚೆನ್ನಾಗಿದ್ದೂ ಸುರು ಆಗದಿದ್ದರೆ ಪೆಟ್ರೋಲ್ ದಾರಿ ನೋಡಿ. ಓಮ್ನಿಯ ಎಂಜಿನ್ ಸೀಟಿನ ಅಡಿಗೆ ಇಕ್ಕಟ್ಟಿನಲ್ಲಿದೆ. ಬೇಸಗೆಯಲ್ಲಿ ಏರು ಹತ್ತಿದ ಮೇಲೆ ಪೈಪಿನಲ್ಲಿ ಪೆಟ್ರೋಲ್ ಕುದಿದು ಆವಿಯಾಗಿ ಪಂಪಿಗೆ ಎಳೆಯಲು ಆಗದೆ ಹೋಗಬಹುದು. ಪಂಪಿನ ಮೇಲೆ ಒದ್ದೆ ಬಟ್ಟೆ ಇಟ್ಟು ಸ್ವಲ್ಪ ಹೊತ್ತು ಬಿಟ್ಟು ಸುರು ಮಾಡಿ ನೋಡಿ. ಆದರೆ ಅದೇ ರೋಗ.

ಗುಂಡಿಯಲ್ಲಿ ಹಾರಿದಾಗ ನಿಂತು, ಮೀಟರಿನ ದೀಪವೂ ಜೊತೆಗೆ ಆರಿದರೆ ಬ್ಯಾಟರಿ ಟರ್ಮಿನಲ್, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ, ಕೀಲಿ ಸ್ವಿಚ್ಚು ನೋಡಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಈ ಜೋಡಣೆಗಳು ಬೇಗ ತುಕ್ಕು ತಿಂತವೆ. ಬಿಚ್ಚಿ ಉಜ್ಜಿ ಕಟ್ಟಿದರೆ ಸಾಕು.

ಪೆಟ್ರೋಲ್ ವಿಷಯದಲ್ಲಿ ಈಗ ಹೊಸ ಮಾತೊಂದಿದೆ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಕೊಟ್ಟರು. 2025ರ ಹೊತ್ತಿಗೆ ದೇಶದಲ್ಲೆಲ್ಲ ಅದೇ ಆಯ್ತು. ಕಬ್ಬು, ಜೋಳ ಬೆಳೆಯುವವರಿಗೆ ಇದರಿಂದ ಲಾಭ ಇರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಥೆನಾಲ್ ನೀರು ಹೀರ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ನಿಲ್ತವೆ. ಹಳೇ ಗಾಡಿಯ ರಬ್ಬರ್ ಪೈಪು, ವಾಷರುಗಳು ಇದಕ್ಕೆಂದು ಮಾಡಿದವಲ್ಲ. ಉಬ್ಬಿ, ಮೆತ್ತಗಾಗಿ ಇಲ್ಲವೇ ಒಡೆದು ಹೋಗ್ತವೆ. ಟ್ಯಾಂಕಿಯ ಹಳೇ ಕೊಳೆ ಕರಗಿ ಬಂದು ಜೆಟ್ಟು ಮುಚ್ಚುವುದೂ ಉಂಟು. ಮಳೆಗಾಲ ಮೂರು ತಿಂಗಳು ಗಾಡಿ ಕೊಟ್ಟಿಗೆಯಲ್ಲಿ ಇಡುವವರು ಪೆಟ್ರೋಲ್ ತುಂಬಿಟ್ಟು ಮರೆಯಬೇಡಿ. ಹಳೇ ರಬ್ಬರ್ ಪೈಪುಗಳನ್ನು ಎಥೆನಾಲ್ ತಡೆಯುವ ಪೈಪಿಗೆ ಬದಲಿಸಿಕೊಳ್ಳಿ.

ಅರಬೈಲು ಘಟ್ಟದಲ್ಲಿ ನಿಂತರೆ

ಜಗ್ಗುವ ಗಾಡಿಯನ್ನು ‘ಹೇಗೋ ಹೋಗ್ತದೆ’ ಎಂದು ಓಡಿಸುವುದು ದುಡ್ಡಿನ ಪ್ರಶ್ನೆ ಮಾತ್ರ ಅಲ್ಲ. ನಮ್ಮಿಂದ ಯಲ್ಲಾಪುರಕ್ಕೆ ಹೋಗಬೇಕಾದರೆ ಅರಬೈಲು ಘಟ್ಟ ಹತ್ತಬೇಕು. ಹಿಂದೆ ಮುಂದೆ ಭಾರದ ಲಾರಿಗಳು. ಅನೇಕ ಗಾಡಿಗಳ ಬ್ರೇಕಿಗೆ ಎಂಜಿನ್ನಿನಿಂದ ಸಹಾಯ ಸಿಗ್ತದೆ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟು ಮಾತ್ರ ಆ ಸಹಾಯ ಉಳೀತದೆ. ಆಮೇಲೆ ಬ್ರೇಕು ಕಲ್ಲಿನ ಹಾಗೆ ಗಟ್ಟಿ ಆಗ್ತದೆ. ಹೆದರಿ ಪದೇ ಪದೇ ಒತ್ತಿದರೆ ಇದ್ದದ್ದೂ ಹೋಯ್ತು. ಒಂದೇ ಸಲ ಒತ್ತಿ ಹಿಡಿದು ಬದಿಗೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿನಲ್ಲಿ ಬಿಡಿ, ಚಕ್ರಕ್ಕೆ ಕಲ್ಲು ಕೊಡಿ. ಉರುಳುವಾಗ ಕೀಲಿ ಹೊರಗೆ ತೆಗೆಯಬೇಡಿ, ಕೆಲವು ಗಾಡಿಗಳ ಸ್ಟಿಯರಿಂಗ್ ಬೀಗ ಬೀಳ್ತದೆ. ಇಳಿಯುವಾಗ ಎಣ್ಣೆ ಉಳಿಸಲು ಎಂಜಿನ್ ಬಂದ್ ಮಾಡಿ ಬಿಡುವ ಚಾಳಿ ಇದ್ದವರು ಇಂದೇ ಬಿಡಬೇಕು.

ಮೆಕ್ಯಾನಿಕನಿಗೂ ನಮಗೂ ಒಪ್ಪಂದ

‘ಮೆಕ್ಯಾನಿಕ್ ಇದ್ದಾನಲ್ಲ, ನಮಗೆಂತಕ್ಕೆ ಈ ಉಸಾಬರಿ?’ ಎಂದು ಕೇಳುವವರಿದ್ದಾರೆ. ಕೆಲಸ ಅವನೇ ಮಾಡಲಿ, ಅವನ ಹೊಟ್ಟೆಯೂ ತುಂಬಲಿ. ಆದರೆ ಮೂರು ಮಾತು ಕೇಳುವ ಹಕ್ಕು ನಮಗಿದೆ. ಈ ಸಾಮಾನು ಹೋಗಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯ್ತು? ತೆಗೆದ ಹಳೇ ಸಾಮಾನು ಎಲ್ಲಿ? ರೋಗ ಕಾಣುವ ಜಾಗಕ್ಕೆ ನನ್ನ ಜೊತೆ ಗಾಡಿಯಲ್ಲಿ ಬರ್ತೀರಾ? ಮೂರನೆಯದಕ್ಕೆ ಅವನ ಅರ್ಧ ದಿನದ ಮಜೂರಿ ಕೊಡಲು ನಾವು ತಯಾರಿರಬೇಕು. ಸಾಮಾನಿಗೆ ಸಾವಿರ ಎಣಿಸಿ ಕೊಡುವ ನಾವು ತಲೆ ಓಡಿಸಿದ್ದಕ್ಕೆ ನೂರು ಕೊಡಲು ಕೊಸರಾಡ್ತೇವೆ. ಹಾಗಾದ್ದರಿಂದಲೇ ಸಾಮಾನು ಬದಲಿಸುವವರು ಹೆಚ್ಚಾದರು, ರೋಗ ಹುಡುಕುವವರು ಕಮ್ಮಿಯಾದರು.

ಇನ್ನೊಂದು ಸಂಗತಿ. ಇಲ್ಲಿ ಬರೆದ ಡೀಸೆಲ್ ಲೆಕ್ಕ ಜೀಪಿಗೆ ಮಾತ್ರ ಅಲ್ಲ. ಟಿಲ್ಲರಿಗೆ, ಟ್ರ್ಯಾಕ್ಟರಿಗೆ, ಡೀಸೆಲ್ ಪಂಪ್‌ಸೆಟ್ಟಿಗೆ ಹೆಚ್ಚು ಕಮ್ಮಿ ಅದೇ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಂಥವರು ಮಳೆಗಾಲಕ್ಕೆ ಮೊದಲು ಊರಲ್ಲಿ ಒಂದು ದಿನ ಹಳೇ ಎಂಜಿನ್ ಇಟ್ಟು, ಗಾಳಿ ತೆಗೆಯುವುದು, ನೀರು ಬಿಡುವುದು, ಕ್ಯಾನು ಕಟ್ಟಿ ನೋಡುವುದು ಇಷ್ಟನ್ನು ಕೈಯಲ್ಲೇ ಮಾಡಿಸಿ ಕಲಿಸಿದರೆ ಒಳ್ಳೆಯದು. ಹೊಸ ಯಂತ್ರದ ಪ್ರದರ್ಶನ ಸಾಕಷ್ಟಾಗಿದೆ. ಇದ್ದ ಯಂತ್ರ ಉಳಿಸುವ ಪಾಠ ಆಗಬೇಕು.

ಅಲ್ಲಿ ತನಕ ಕೇರಿಗೊಂದು ಕ್ಯಾನು, ಎರಡು ಮೀಟರ್ ಪಾರದರ್ಶಕ ಪೈಪು, ನಾಲ್ಕು ಕ್ಲಿಪ್ಪು, ಒಂದು ಹಳೇ ಪ್ಲಗ್ ಒಬ್ಬರ ಮನೆಯಲ್ಲಿ ಇಟ್ಟುಕೊಳ್ಳಿ. ಬೇಕಾದವರು ಒಯ್ದು ವಾಪಸು ತಂದಿಡಲಿ. ನಿಮ್ಮ ಗಾಡಿ ಯಾವಾಗ, ಹೇಗೆ ನಿಂತಿತು, ಕಡೆಗೆ ರೋಗ ಎಲ್ಲಿ ಸಿಕ್ಕಿತು ಎಂದು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಹತ್ತು ಜನರ ಅನುಭವ ಒಂದೆಡೆ ಸೇರಿದರೆ ಹನ್ನೊಂದನೆಯವನ 14,000 ಉಳಿದೀತು.